ನಾವಧ್ಯಕ್ಷನ ಹೊಣೆ: ಜಲೋತ್ಸವಗಳ ರಕ್ಷಣಾವಿಧಿಗಳ ಒಂದು ವಿಮರ್ಶೆ

1

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಮದ್ದೂರನ್ನು ದಾಟಿ ಮಂಡ್ಯವನ್ನು ಸೇರುವುದಕ್ಕೆ ಮೊದಲು ಗೆಜ್ಜಲಗೆರೆ ಎಂಬ ಗ್ರಾಮವು ಸಿಕ್ಕುತ್ತದೆ. ಈಗ ಹೊರಗಿನವರಿಗೆ ಆ ಊರಿನ ಪರಿಚಯವಾಗಿರುವುದು ಬಹುಮಟ್ಟಿಗೆ ಅಲ್ಲಿಯ ಹಾಲಿನ ಡೈರಿಯಿಂದ. ಆದರೆ ಹೆಸರನ್ನು ಬಿಡಿಸಿ ನೋಡಿದವರಿಗೆ ಅದರೊಳಗೆ ಕೆರೆಯೊಂದು ಕಾಣುತ್ತದೆ. ಉತ್ತರಪದದ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆಯೆಂಬುದನ್ನು ವ್ಯಾಕರಣ ಕಲಿಸುವ ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಈ ಸೀಮೆಯ ಊರುಗಳ ಹೆಸರುಗಳಲ್ಲಿ ನೀರು ಹೀಗೆ ಅಡಗಿ ನಿಂತಿರುವುದು ಸಾಮಾನ್ಯ. ಗೆಜ್ಜಲಗೆರೆಯಿಂದ ಪೂರ್ವಕ್ಕೆ ಮದ್ದೂರಿನ ಶಿಂಷಾನದಿ; ಪಶ್ಚಿಮಕ್ಕೆ ಶ್ರೀರಂಗಪಟ್ಟಣವನ್ನು ಸುತ್ತಿ ಹರಿಯುವ ಕಾವೇರಿ; ವಾಯವ್ಯಕ್ಕೆ ಮೇಲುಕೋಟೆಯ ಕಲ್ಯಾಣಿ; ಅದರಾಚೆ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಕಡೆ ಅಂಬಿಗರಹಳ್ಳಿ. ಈ ಕೊನೆಯ ಹೆಸರಂತೂ ನೀರನ್ನು ಮಾತ್ರವಲ್ಲದೆ ನೀರಿನ ಮೇಲೆ ಜನರನ್ನು ದಾಟಿಸುವ ವೃತ್ತಿಯವರನ್ನೇ ಹೇಳುತ್ತದೆ.

ಇಂಥ ಸೀಮೆಯಲ್ಲಿ ನೀರಿನ ಉತ್ಸವಗಳು ಇರುವುದು ಸಹಜ. ಮೇಲುಕೋಟೆಯ ವೈರಮುಡಿ ಬ್ರಹ್ಮೋತ್ಸವದ ಅಂಗವಾಗಿ ಕಲ್ಯಾಣಿಯಲ್ಲಿ ತೆಪ್ಪೋತ್ಸವವು ನಡೆಯುತ್ತದೆ. ಅಂಬಿಗರಹಳ್ಳಿಯ ಸಂಗಮದಲ್ಲಿ 2022ರ ಅಕ್ಟೋಬರ್ ತಿಂಗಳಲ್ಲಿ ಕುಂಭಮೇಳವು ನಡೆಯಿತು. ನೆರೆಯ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ 1989ರಿಂದ ಕುಂಭಮೇಳವು ನಡೆದುಬರುತ್ತಿದೆ. ಸಾವಿರಾರು ಜನರು ದಡದಲ್ಲಿ ನೆರೆದು, ಕೆಲವರು ದೋಣಿಯನ್ನೂ ಹರಿಗೋಲನ್ನೂ ಏರುವ ದಿನಗಳಲ್ಲಿ, ನೀರಿನ ಮೇಲೆಯೂ ದಡದಲ್ಲಿಯೂ ಕ್ರಮವನ್ನು ಕಾಪಾಡುವ ಅಧಿಕಾರ ಯಾರದು, ಆ ಅಧಿಕಾರಕ್ಕೆ ತಗುಲಿದ ಹೊಣೆ ಎಷ್ಟು ಎಂಬ ಪ್ರಶ್ನೆಯು ನ್ಯಾಯಶಾಸ್ತ್ರಜ್ಞರಿಗೆ ಮಾತ್ರ ಸೇರಿದುದೆಂದು ಭಾವಿಸುವುದು ವಾಡಿಕೆ. ಆದರೆ ಕಾನೂನು ಎಂಬುದೂ ಒಂದು ವಾಕ್ಯರಚನೆಯೇ. ಅದರ ಕರ್ತೃಪದ ಯಾವುದು, ಕರ್ಮಪದ ಯಾವುದು, ಯಾವ ವಿಶೇಷಣವು ಅರ್ಥವನ್ನು ಎಲ್ಲಿ ಸಂಕೋಚಗೊಳಿಸುತ್ತದೆ ಎಂಬುದನ್ನು ಪರಿಶೀಲಿಸುವ ಕೆಲಸವು ಸಾಹಿತ್ಯವಿಮರ್ಶಕನಿಗೂ ಸಲ್ಲುತ್ತದೆ. ಈ ಪರಿಶೀಲನೆಗೆ ಒಂದು ಹಳೆಯ ಗ್ರಂಥದ ಎರಡು ಪ್ರಕರಣಗಳು, ಕನ್ನಡದ ಇಬ್ಬರು ಮಹನೀಯರ ವಾಣಿ, ಈಚಿನ ಕೆಲವು ಕಾಯಿದೆಗಳು ಇವಿಷ್ಟು ಸಾಮಗ್ರಿ ಸಾಕು.

2

ಹಳೆಯ ಗ್ರಂಥವೆಂದರೆ ಕೌಟಿಲ್ಯನ ಅರ್ಥಶಾಸ್ತ್ರ. ಅದು ಲೋಕಕ್ಕೆ ಮರಳಿ ದೊರೆತುದು ಮೈಸೂರಿನಿಂದಲೇ ಎಂಬುದು ಪ್ರಸಿದ್ಧ ಸಂಗತಿ. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಓಲೆಯ ಪ್ರತಿಯನ್ನು ಗುರುತಿಸಿ, 1905ರಿಂದ ಅದರ ಭಾಗಗಳನ್ನು ಪ್ರಕಟಿಸತೊಡಗಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಹೊರತಂದ ಕೀರ್ತಿ ರಾ. ಶಾಮಶಾಸ್ತ್ರಿಗಳದು. ಆ ಗ್ರಂಥದ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದ ಇಪ್ಪತ್ತೆಂಟನೆಯ ಅಧ್ಯಾಯವು ನಾವಧ್ಯಕ್ಷನನ್ನು ಕುರಿತದ್ದು. ಗಣಿಕಾಧ್ಯಕ್ಷನ ಅಧ್ಯಾಯಕ್ಕೂ ಗೋಽಧ್ಯಕ್ಷನ ಅಧ್ಯಾಯಕ್ಕೂ ನಡುವೆ ಅದು ಬರುತ್ತದೆ.

ಈ ಅಧ್ಯಾಯವನ್ನು ಓದಿದವರಲ್ಲಿ ಹಲವರು ಇದನ್ನು ರಾಜ್ಯದ ಆದಾಯದ ಪ್ರಕರಣವೆಂದೇ ಗ್ರಹಿಸಿರುವರು. ಹಾಗೆ ಗ್ರಹಿಸುವುದಕ್ಕೆ ಕಾರಣವೂ ಉಂಟು. ಸಮುದ್ರ, ನದೀಮುಖ, ಸರೋವರಗಳ ಮೇಲಣ ಸಂಚಾರವನ್ನು ನೋಡಿಕೊಳ್ಳತಕ್ಕವನು ನಾವಧ್ಯಕ್ಷನೆಂದು ಹೇಳಿದ ಕೂಡಲೇ ಗ್ರಂಥಕಾರನು ತೆರಿಗೆಗೆ ಹೊರಳುತ್ತಾನೆ. ದಡದ ಗ್ರಾಮಗಳು ಕೊಡತಕ್ಕ ಕಂದಾಯ, ಬೆಸ್ತರು ದೋಣಿಯ ಬಾಡಿಗೆಯಾಗಿ ಕೊಡತಕ್ಕ ಆರನೆಯ ಒಂದು ಪಾಲು, ವರ್ತಕರ ಸುಂಕ, ರಾಜನೌಕೆಯಲ್ಲಿ ಹೋಗುವವರ ಕೂಲಿ ಇವುಗಳ ಪಟ್ಟಿಯು ಮೊದಲು ಬರುತ್ತದೆ. ಕೊನೆಯಲ್ಲಿ ಹೊರೆಹೊತ್ತ ಮನುಷ್ಯನಿಗೆ ಒಂದು ಮಾಷ, ಹಸುವಿಗೂ ಕುದುರೆಗೂ ಎರಡು, ಒಂಟೆಗೂ ಎಮ್ಮೆಗೂ ನಾಲ್ಕು ಎಂಬಂತೆ ದಾಟಿನ ದರಗಳು ಬರುತ್ತವೆ. ದೊಡ್ಡ ನದಿಗಳಲ್ಲಿ ಇವು ಇಮ್ಮಡಿ. ಇಷ್ಟನ್ನೇ ನೋಡಿದರೆ ಗ್ರಂಥಕಾರನ ದೃಷ್ಟಿ ಬೊಕ್ಕಸದ ಕಡೆಗೇ ನೆಟ್ಟಿದೆಯೆಂದು ತೋರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಎರಡು ಪಟ್ಟಿಗಳ ನಡುವೆ ಬೇರೊಂದು ಜಾತಿಯ ವಾಕ್ಯಗಳಿವೆ. ಎಲ್ಲ ಋತುಗಳಲ್ಲಿಯೂ ದೋಣಿಯಿಂದಲೇ ದಾಟಬೇಕಾದ ಮಹಾನದಿಗಳಲ್ಲಿ ದೊಡ್ಡ ನಾವೆಗಳನ್ನೂ, ಮಳೆಗಾಲದಲ್ಲಿ ಮಾತ್ರ ತುಂಬಿ ಹರಿಯುವ ಸಣ್ಣ ಹೊಳೆಗಳಲ್ಲಿ ಚಿಕ್ಕ ದೋಣಿಗಳನ್ನೂ ನಿಯೋಜಿಸಬೇಕು. ದೊಡ್ಡ ನಾವೆಯಲ್ಲಿ ಒಡೆಯನಾದ ಶಾಸಕ, ಚುಕ್ಕಾಣಿ ಹಿಡಿಯುವ ನಿಯಾಮಕ, ಕತ್ತಿಯನ್ನೂ ಹಗ್ಗವನ್ನೂ ನೋಡಿಕೊಳ್ಳುವವರು, ಒಳಗೆ ನುಗ್ಗಿದ ನೀರನ್ನು ಎತ್ತಿ ಹೊರಚೆಲ್ಲುವ ಉತ್ಸೇಚಕರು ಇಷ್ಟು ಮಂದಿ ಇರಬೇಕು. ರೇವುಗಳು ನಿಯತವಾಗಿರಬೇಕು. ಹೊತ್ತಲ್ಲದ ಹೊತ್ತಿನಲ್ಲಿ, ರೇವಲ್ಲದ ಕಡೆಯಲ್ಲಿ ದಾಟುವವನಿಗೆ ಪೂರ್ವಸಾಹಸದಂಡ. ಬಳಿಕ ಅಧ್ಯಾಯದ ಅತ್ಯಂತ ಮುಖ್ಯವಾದ ಮಾತು ಬರುತ್ತದೆ: ಬೇಕಾದಷ್ಟು ಆಳುಗಳಿಲ್ಲದ, ಉಪಕರಣಗಳಿಲ್ಲದ ಅಥವಾ ದುರಸ್ತಿಯಾಗದ ದೋಣಿಯು ಮುಳುಗಿದಲ್ಲಿ ಆದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು.

ಈ ವಾಕ್ಯದ ಕರ್ತೃಪದವನ್ನು ವಾಚಕರು ಗಮನಿಸಬೇಕು. ಹುಟ್ಟುಹಾಕುವವನಲ್ಲ, ಚುಕ್ಕಾಣಿಯವನಲ್ಲ, ದೋಣಿಯನ್ನು ಏರಿದವನೂ ಅಲ್ಲ. ಯಾವನಿಗೆ ದೋಣಿಗಳನ್ನು ನಿಲ್ಲಿಸುವ, ಹೊರಡಿಸುವ, ದಂಡ ವಿಧಿಸುವ ಅಧಿಕಾರವಿದೆಯೋ ಅವನೇ ನಷ್ಟಕ್ಕೂ ಕರ್ತೃ. ಹಿಂದಿನ ಎಲ್ಲ ವಿಧಿಗಳಲ್ಲಿ ಅವನು ಇತರರಿಂದ ತೆಗೆದುಕೊಳ್ಳುವವನು. ಈ ಒಂದು ವಿಧಿಯಲ್ಲಿ ಅವನು ಕೊಡುವವನು. ಆಳು, ಉಪಕರಣ, ದುರಸ್ತಿ ಎಂಬ ಮೂರು ದೋಷಗಳೂ ದೋಣಿಯು ದಡವನ್ನು ಬಿಡುವುದಕ್ಕೆ ಮೊದಲೇ ಕಣ್ಣಿಗೆ ಬೀಳತಕ್ಕವು. ಬಿರುಗಾಳಿಯಿಂದಾದ ಕೇಡಿಗೆ ಅವನು ಹೊಣೆಯಲ್ಲ. ಗಾಳಿಗೆ ಸಿಕ್ಕಿ ಬಳಲಿದ ನಾವೆಗಳನ್ನು ತಂದೆಯಂತೆ ಅನುಗ್ರಹಿಸಬೇಕೆಂದು ಮಾತ್ರ ಹೇಳಿದೆ. ನೋಡಬೇಕಾಗಿದ್ದು ನೋಡದೆ ಬಿಟ್ಟ ದೋಷಕ್ಕೆ ಮಾತ್ರ ಹೊಣೆ. ಈ ವಿವೇಚನೆಯು ಸೂಕ್ಷ್ಮವಾದದ್ದು.

3

ಇಷ್ಟರಿಂದಲೇ ಪ್ರಾಚೀನರಲ್ಲಿ ಎಲ್ಲವೂ ಇತ್ತೆಂದು ಹೊಗಳಿ ಮುಗಿಸುವುದು ವಿಮರ್ಶೆಯೆನಿಸದು. ಈ ಪ್ರಕರಣಕ್ಕೆ ಎರಡು ಆಕ್ಷೇಪಗಳು ಪ್ರಾಪ್ತವಾಗುತ್ತವೆ, ಎರಡೂ ಬಲವಾದವು. ಮೊದಲನೆಯದು: ರೇವುಗಳನ್ನು ನಿಯತಗೊಳಿಸುವುದಕ್ಕೆ ಗ್ರಂಥಕಾರನು ಕೊಡುವ ಕಾರಣ ಪ್ರಯಾಣಿಕರ ಕ್ಷೇಮವಲ್ಲ, ರಾಜದ್ರೋಹಿಗಳು ದಾಟಿಹೋದಾರೆಂಬ ಭಯ. ಶಂಕಿತರನ್ನು ರೇವಿನಲ್ಲಿ ಹಿಡಿಯುವ ವಿಧಿಯೂ ಅಲ್ಲಿಯೇ ಇದೆ. ಹೀಗಿರುವಲ್ಲಿ ಅದನ್ನು ರಕ್ಷಣೆಯ ವಿಧಿಯೆಂದು ಓದುವುದು ಗ್ರಂಥಕ್ಕೆ ನಾವೀನ್ಯವನ್ನು ಆರೋಪಿಸಿದಂತೆ ಆಗುವುದಿಲ್ಲವೇ? ಎರಡನೆಯದು: ನಾವಧ್ಯಕ್ಷನು ತುಂಬಿಕೊಡತಕ್ಕದ್ದು ಕಳೆದುಹೋದುದನ್ನು, ಕೆಟ್ಟುಹೋದುದನ್ನು. ಈ ಎರಡು ಪದಗಳು ಸರಕಿಗೆ ಒಪ್ಪುವಷ್ಟು ಮನುಷ್ಯರಿಗೆ ಒಪ್ಪುವುದಿಲ್ಲ. ಮುಳುಗಿದ ಜೀವಕ್ಕೆ ಈ ಅಧ್ಯಾಯದಲ್ಲಿ ಉತ್ತರವೆಲ್ಲಿ?

ಉತ್ತರವು ಈ ಅಧ್ಯಾಯದಲ್ಲಿಲ್ಲ. ನಾಲ್ಕನೆಯ ಅಧಿಕರಣವಾದ ಕಂಟಕಶೋಧನದ ಮೂರನೆಯ ಅಧ್ಯಾಯದಲ್ಲಿದೆ. ಅದು ಬೆಂಕಿ, ನೀರು, ರೋಗ, ಬರ ಮುಂತಾದ ಉಪನಿಪಾತಗಳ ಪ್ರತೀಕಾರವನ್ನು ಹೇಳುವ ಪ್ರಕರಣ. ನೀರಿನ ಭಾಗದಲ್ಲಿ, ಮಳೆಗಾಲದ ರಾತ್ರಿಗಳಲ್ಲಿ ದಡದ ಗ್ರಾಮದವರು ಪ್ರವಾಹದ ಎಲ್ಲೆಯನ್ನು ಬಿಟ್ಟು ವಾಸಿಸಬೇಕು. ಮರ, ಬಿದಿರು, ದೋಣಿಗಳನ್ನು ಕೂಡಿಟ್ಟುಕೊಂಡಿರಬೇಕು. ಕೊಚ್ಚಿಹೋಗುತ್ತಿರುವವನನ್ನು ಸೋರೆಬುರುಡೆ, ತೊಗಲಚೀಲ, ತೆಪ್ಪ, ಮರದ ತುಂಡುಗಳಿಂದ ದಾಟಿಸಬೇಕು ಎಂದು ವಿಧಿಸಿದೆ. ನೆರವಿಗೆ ಧಾವಿಸದವನಿಗೆ ಹನ್ನೆರಡು ಪಣ ದಂಡ. ತೇಲುವ ಸಾಧನವಿಲ್ಲದವರಿಗೆ ಮಾತ್ರ ವಿನಾಯಿತಿ. ಇದಾದ ಕೂಡಲೇ ಪರ್ವದಿನಗಳಲ್ಲಿ ನದೀಪೂಜೆಯನ್ನು ಮಾಡಿಸಬೇಕೆಂಬ ವಿಧಿ ಬರುತ್ತದೆ. ರಕ್ಷಣೆಯ ಸಾಧನಗಳೂ ನದಿಯ ಉತ್ಸವವೂ ಒಂದೇ ಉಸಿರಿನಲ್ಲಿ ಬಂದಿರುವ ಸ್ಥಳವಿದು. ಪೂಜೆಯಿದ್ದರೆ ಸಾಕು, ಸೋರೆಬುರುಡೆ ಬೇಡವೆಂದು ಗ್ರಂಥಕಾರನು ಹೇಳಲಿಲ್ಲ. ಸೋರೆಬುರುಡೆಯಿದ್ದರೆ ಪೂಜೆ ಬೇಡವೆಂದೂ ಹೇಳಲಿಲ್ಲ.

ಎರಡು ಅಧ್ಯಾಯಗಳೂ ಒಂದಕ್ಕೊಂದು ಸಂಬಂಧಿಸಿದವೆಂಬುದಕ್ಕೆ ಪಠ್ಯದಲ್ಲಿಯೇ ಒಂದು ಗುರುತಿದೆ. ನಾವಧ್ಯಕ್ಷ ಪ್ರಕರಣದಲ್ಲಿ ಗಾಳಿಗೆ ಸಿಕ್ಕ ನಾವೆಗಳನ್ನು ಕುರಿತು ಬಂದ ತಂದೆಯ ಉಪಮೆಯು, ಉಪನಿಪಾತ ಪ್ರಕರಣದ ಕೊನೆಯ ಭಾಗದಲ್ಲಿ ಆಪತ್ತಿಗೆ ಸಿಕ್ಕ ಎಲ್ಲರನ್ನೂ ಕುರಿತು ಅದೇ ಕ್ರಿಯಾಪದದೊಡನೆ ಮತ್ತೆ ಬರುತ್ತದೆ. ಅಲಂಕಾರಗಳನ್ನು ಬಲು ಜಿಪುಣತನದಿಂದ ಬಳಸುವ ಸೂತ್ರಶೈಲಿಯಲ್ಲಿ ಒಂದೇ ಉಪಮೆಯು ಎರಡು ಕಡೆ ಬಂದುದನ್ನು ಅನುಷಂಗಿಕವೆಂದು ತಳ್ಳಿಬಿಡುವುದು ಯುಕ್ತವಲ್ಲ. ಆದಕಾರಣ ಮೊದಲ ಅಧ್ಯಾಯವನ್ನು ಎರಡನೆಯದರೊಡನೆ ಸೇರಿಸಿ ಓದುವುದೇ ಸಮಂಜಸ. ಹಾಗೆ ಓದಿದಾಗ ರಾಜಭಯದಿಂದ ನಿಯತವಾದ ರೇವೂ ಕ್ಷೇಮಕ್ಕೆ ಸಾಧನವಾಗುತ್ತದೆ. ಏಕೆಂದರೆ ಎಲ್ಲರೂ ಒಂದೇ ರೇವಿನಿಂದ ಹೊರಡುವಲ್ಲಿ ಮಾತ್ರ ಎಣಿಕೆಯೂ ತಡೆಯೂ ಸಾಧ್ಯ. ಉದ್ದೇಶವು ಸಂಕುಚಿತವಾಗಿದ್ದರೂ ಉಪಾಯವು ವಿಶಾಲವಾಗಿರಬಹುದೆಂಬುದಕ್ಕೆ ಇದು ನಿದರ್ಶನ. ಆದರೂ ಎರಡನೆಯ ಆಕ್ಷೇಪದಲ್ಲಿ ಸ್ವಲ್ಪಭಾಗ ಉಳಿದೇ ಉಳಿಯುತ್ತದೆ: ಜೀವಹಾನಿಗೆ ಅಧ್ಯಕ್ಷನು ಏನು ತೆರಬೇಕೆಂಬುದನ್ನು ಗ್ರಂಥವು ಈ ಎರಡು ಸ್ಥಳಗಳಲ್ಲಿ ಹೇಳಿಲ್ಲ.

4

ಗ್ರಂಥವು ಹೇಳದೆ ಬಿಟ್ಟುದನ್ನು ಕನ್ನಡದ ವಾಣಿಯು ಬೇರೊಂದು ರೀತಿಯಿಂದ ಹೇಳಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನು ದೋಣಿ ನಡೆಸುವ ಕಾಯಕದವನು. ತುಂಗಭದ್ರೆಯ ದಡದ ಚೌಡದಾನಪುರಕ್ಕೂ ಅವನಿಗೂ ಇರುವ ಸಂಬಂಧವು ವಿದಿತವೇ ಇದೆ. ಅವನ ವಚನಗಳ ನಿಷ್ಠುರತೆಯನ್ನು ವಿಮರ್ಶಕರು ಬೇಕಾದಷ್ಟು ವಿವರಿಸಿರುವರು. ಪ್ರಕೃತಕ್ಕೆ ಬೇಕಾದುದು ಅವನ ಅಂಕಿತ. ವಚನಕಾರರಲ್ಲಿ ಬಹುಮಂದಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡಿರುವಲ್ಲಿ, ಚೌಡಯ್ಯನು ತನ್ನ ಹೆಸರನ್ನೇ, ಅದೂ ವೃತ್ತಿಸಹಿತವಾದ ಹೆಸರನ್ನೇ, ಪ್ರತಿ ವಚನದಲ್ಲಿಯೂ ಇಟ್ಟನು. ಇದನ್ನು ಆತ್ಮಪ್ರತ್ಯಯವೆಂದು ಕೆಲವರು ಕರೆಯಬಹುದು. ದೋಣಿಯ ಕಾಯಕವನ್ನು ನೆನೆದರೆ ಅದಕ್ಕೆ ಮತ್ತೊಂದು ಅರ್ಥವೂ ಹೊಂದುತ್ತದೆ: ಆಡಿದ ಮಾತಿಗೆ ಆಡಿದವನೇ ಹೊಣೆ, ಹತ್ತಿಸಿಕೊಂಡ ಜನಕ್ಕೆ ಹತ್ತಿಸಿಕೊಂಡವನೇ ಹೊಣೆ. ಮಾತಿನ ಭಾರವನ್ನು ದೇವರ ಹೆಸರಿಗೆ ದಾಟಿಸದೆ ತನ್ನ ಹೆಸರಿನ ಮೇಲೆಯೇ ಇಟ್ಟುಕೊಂಡ ಅಂಬಿಗನವನು.

ಪುರಂದರದಾಸರ ಪ್ರಸಿದ್ಧವಾದ ಕೀರ್ತನೆಯೊಂದರಲ್ಲಿ ದೇವರೇ ಅಂಬಿಗ. ದೇಹವು ಭಾರವೇರಿದ, ಒಂಬತ್ತು ಕಡೆ ತೂತುಬಿದ್ದ ದೋಣಿ. ರೂಪಕದ ತಾತ್ತ್ವಿಕಾರ್ಥವನ್ನು ಹರಿದಾಸಸಾಹಿತ್ಯವನ್ನು ಬಲ್ಲವರು ಚೆನ್ನಾಗಿ ಅರಿತಿರುವರು. ಆದರೆ ರೂಪಕಕ್ಕೆ ಆಧಾರವಾಗಿ ದಾಸರು ಆರಿಸಿಕೊಂಡ ದೋಷಗಳು ಯಾವುವು? ಒಂದು ಅತಿಭಾರ, ಮತ್ತೊಂದು ದೋಣಿಯ ಅಭದ್ರತೆ. ಮಧ್ಯಕಾಲದ ಕೇಳುಗರಿಗೆ ಈ ಎರಡೂ ವಿವರಣೆ ಬೇಡದಷ್ಟು ಪರಿಚಿತವಾಗಿದ್ದುವೆಂಬುದು ಇದರಿಂದ ಊಹ್ಯವಾಗುತ್ತದೆ. 1860ರ ಭಾರತ ದಂಡಸಂಹಿತೆಯು ದೋಣಿಯ ಪ್ರಯಾಣದಲ್ಲಿ ಶಿಕ್ಷೆಗೆ ಯೋಗ್ಯವಾದ ಅಪರಾಧವನ್ನು ಹೇಳುವಾಗ ಹಿಡಿದುದೂ ಈ ಎರಡನ್ನೇ. ದಾಸರು ನೌಕಾಶಾಸ್ತ್ರವನ್ನು ಬರೆಯಲಿಲ್ಲ, ದಂಡಸಂಹಿತೆಯನ್ನು ರಚಿಸಿದವರು ದಾಸರನ್ನು ಓದಲಿಲ್ಲ. ನೀರಿನ ಅನುಭವವು ಎರಡು ಕಡೆಯೂ ಒಂದೇ ಆದುದರಿಂದ ಮಾತೂ ಒಂದೇ ಆಯಿತು.

ಆದರೂ ಈ ಎರಡು ವಾಣಿಗಳಿಗೆ ಒಂದು ಮಿತಿಯುಂಟು. ಇವೆರಡರಲ್ಲಿಯೂ ಹೊಣೆಯೆಲ್ಲ ಅಂಬಿಗನ ಮೇಲೆ ನಿಂತಿದೆ. ಒಂದು ದೋಣಿ, ಒಬ್ಬ ಅಂಬಿಗ, ಕೆಲವರು ಪ್ರಯಾಣಿಕರು ಇರುವ ದಿನಕ್ಕೆ ಇದು ಸಾಕು. ಜಾತ್ರೆಯ ದಿನಕ್ಕೆ ಸಾಲದು. ದಡದಲ್ಲಿ ಸಾವಿರ ಜನರು ನೂಕುತ್ತಿರುವಾಗ, ಮುಳುಗುವ ಹೊತ್ತಿನೊಳಗೆ ಮರಳಬೇಕೆಂದು ಎಲ್ಲರೂ ಆತುರಪಡುವಾಗ, ಒಬ್ಬ ಅಂಬಿಗನು ಎಷ್ಟೇ ನಿಷ್ಠುರನಾಗಿದ್ದರೂ ತಡೆದು ನಿಲ್ಲಲಾರನು. ಅಲ್ಲಿ ನಾವಧ್ಯಕ್ಷನು ಬೇಕು. ಹಾಗಾದರೆ ಈಗಿನ ಕಾನೂನಿನಲ್ಲಿ ಆ ಸ್ಥಾನವು ಯಾರದು?

5

ಭಾರತ ದಂಡಸಂಹಿತೆಯ 282ನೆಯ ಕಲಮು, ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯಸಂಹಿತೆಯ 284ನೆಯ ಕಲಮು, ಅಪಾಯಕರವಾದ ಸ್ಥಿತಿಯಲ್ಲಿರುವ ಅಥವಾ ಅತಿಭಾರವಾದ ದೋಣಿಯಲ್ಲಿ ತಿಳಿದೋ ಅಲಕ್ಷ್ಯದಿಂದಲೋ ಜನರನ್ನು ಬಾಡಿಗೆಗೆ ಸಾಗಿಸುವವನನ್ನು, ಸಾಗಿಸುವಂತೆ ಮಾಡುವವನನ್ನು ದಂಡನೆಗೆ ಗುರಿಮಾಡುತ್ತದೆ. ಶಿಕ್ಷೆ ಆರು ತಿಂಗಳ ಸೆರೆ, ಅಥವಾ ಜುಲ್ಮಾನೆ, ಅಥವಾ ಎರಡೂ. ಸಾಗಿಸುವಂತೆ ಮಾಡುವವನನ್ನೂ ಸೇರಿಸಿಕೊಂಡಿರುವುದು ಒಳ್ಳೆಯದೇ. ಅದರಿಂದ ಹೊಣೆಯು ಅಂಬಿಗನನ್ನು ದಾಟಿ ಮಾಲಿಕನನ್ನು ಮುಟ್ಟುತ್ತದೆ. ಆದರೆ ಈ ವಾಕ್ಯದಲ್ಲಿ ಬಾಡಿಗೆಗೆ ಎಂಬ ಚತುರ್ಥ್ಯಂತ ಪದವೊಂದು ಇದೆ. ಉತ್ಸವದ ದಿನ ದೇವರ ಸೇವೆಯೆಂದು ಕಾಸು ಪಡೆಯದೆ ಜನರನ್ನು ದಾಟಿಸುವ ದೋಣಿಯು ಈ ಪದದ ಹೊರಗೆ ಉಳಿಯುತ್ತದೆ. ಅಜಾಗರೂಕವಾಗಿ ನಾವೆಯನ್ನು ನಡೆಸಿದ ಅಪರಾಧ, ಅಲಕ್ಷ್ಯದಿಂದ ಸಾವನ್ನು ಉಂಟುಮಾಡಿದ ಅಪರಾಧ ಇವುಗಳ ಕಲಮುಗಳು ಬೇರೆ ಇವೆಯಾದರೂ, ಅತಿಭಾರವನ್ನೇ ಹೆಸರಿಸಿ, ಯಾರೂ ಸಾಯುವುದಕ್ಕೆ ಮುಂಚೆಯೇ ಹಿಡಿಯಬಲ್ಲ ಕಲಮು ಸೇವೆಯ ದೋಣಿಯನ್ನು ಬಿಟ್ಟುಕೊಟ್ಟಿತು. ಕೌಟಿಲ್ಯನಲ್ಲಿ ಬ್ರಾಹ್ಮಣ, ಪರಿವ್ರಾಜಕ, ಬಾಲ, ವೃದ್ಧ, ರೋಗಿ, ಗರ್ಭಿಣಿಯರು ಅಧ್ಯಕ್ಷನ ಮುದ್ರೆಯಿಂದ ಕೂಲಿಯಿಲ್ಲದೆ ದಾಟುತ್ತಾರೆ. ದೋಣಿಯ ದೋಷಕ್ಕೆ ಅಧ್ಯಕ್ಷನ ಹೊಣೆಯು ಕೂಲಿ ಕೊಟ್ಟವರಿಗೆ ಒಂದು, ಕೊಡದವರಿಗೆ ಒಂದು ಎಂದು ವಿಭಾಗವಾಗುವುದಿಲ್ಲ.

ಎರಡನೆಯದು ಒಳನಾಡಿನ ನೌಕೆಗಳ ಕಾಯಿದೆ. 1917ರಲ್ಲಿ ಹುಟ್ಟಿದಾಗ ಅದು ಉಗಿಯಂತ್ರದ ನಾವೆಗಳನ್ನು ಕುರಿತದ್ದಾಗಿತ್ತು. ಅದನ್ನು ತೆಗೆದುಹಾಕಿ ಬಂದ 2021ರ ಕಾಯಿದೆಯು ಹೆಚ್ಚು ವಿಸ್ತಾರವಾದದ್ದು. ನಾವೆಯ ಪರೀಕ್ಷೆ, ನೋಂದಣಿ, ಸಿಬ್ಬಂದಿಯ ಅರ್ಹತೆ, ಪ್ರಾಣರಕ್ಷಕ ಸಾಧನಗಳು, ವಿಮೆ ಎಲ್ಲವೂ ಅದರಲ್ಲಿವೆ. ಆದರೆ ಅದರ ಬೆನ್ನೆಲುಬು ಯಂತ್ರದಿಂದ ನಡೆಯುವ ನಾವೆ. ಯಂತ್ರವಿಲ್ಲದವುಗಳಿಗೆ ಪ್ರತ್ಯೇಕ ಅಧ್ಯಾಯವೊಂದನ್ನು ಇಟ್ಟು, ಅವುಗಳ ದಾಖಲೆಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟಕ್ಕೆ ಇಳಿಸಿದೆ. ಕಾವೇರಿಯ ಹರಿಗೋಲೂ ಕಲ್ಯಾಣಿಯ ತೆಪ್ಪವೂ ಇರುವುದು ಈ ಯಂತ್ರರಹಿತ ಲೋಕದಲ್ಲಿ. ದಾಖಲಾದ ಹರಿಗೋಲು ಹನ್ನೊಂದು ತಿಂಗಳು ಬೆಸ್ತನದು. ಉತ್ಸವದ ದಿನ ಅದು ಯಾತ್ರಿಕರದು. ದಾಖಲೆಯು ವಸ್ತುವನ್ನು ಗುರುತಿಸುತ್ತದೆ, ಸಂದರ್ಭವನ್ನು ಗುರುತಿಸುವುದಿಲ್ಲ. ಜಲೋತ್ಸವದ ಅಪಾಯವಾದರೋ ಸಂದರ್ಭದಿಂದಲೇ ಹುಟ್ಟುವಂಥದು.

ಮೂರನೆಯದು ಶಾಂತಿಪಾಲನೆಯ ಅಧಿಕಾರಗಳು. ಜೀವಕ್ಕೆ ಅಪಾಯವೊದಗುವ ಸಂಭವವಿರುವಲ್ಲಿ ನಿಷೇಧಾಜ್ಞೆ ಹೊರಡಿಸುವ ಅಧಿಕಾರವು ಮೊದಲು ದಂಡಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಲ್ಲಿದ್ದು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಲ್ಲಿದೆ. ಸಾರ್ವಜನಿಕ ಸ್ಥಳಗಳಲ್ಲಿ ಸುವ್ಯವಸ್ಥೆಗಾಗಿ ಆಜ್ಞೆ ಮಾಡುವ ಅಧಿಕಾರವನ್ನು 1963ರ ಕರ್ನಾಟಕ ಪೊಲೀಸ್ ಕಾಯಿದೆಯು ಕೊಡುತ್ತದೆ. ವಿಪತ್ತು ನಿರ್ವಹಣೆಯ 2005ರ ಕಾಯಿದೆಯಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ರಾಷ್ಟ್ರೀಯ ಪ್ರಾಧಿಕಾರವು ಜನಸಂದಣಿಯ ನಿರ್ವಹಣೆಯನ್ನು ಕುರಿತು 2014ರಲ್ಲಿಯೂ, ದೋಣಿಗಳ ಸುರಕ್ಷತೆಯನ್ನು ಕುರಿತು 2017ರಲ್ಲಿಯೂ ಮಾರ್ಗಸೂಚಿಗಳನ್ನು ಹೊರಡಿಸಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಮೃತರಾದ ತರುವಾಯ, ಅದೇ ವರ್ಷದ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣದ ಮಸೂದೆಯೊಂದು ಕರ್ನಾಟಕದ ಶಾಸನಸಭೆಯ ಮುಂದೆ ಬಂದಿತು.

ಪಟ್ಟಿಯು ಉದ್ದವಾಗಿದೆ. ಅಧಿಕಾರಕ್ಕೆ ಕೊರತೆಯಿದೆಯೆಂದು ಯಾರೂ ಹೇಳಲಾರರು. ಆದರೆ ಈ ಅಧಿಕಾರಗಳ ಕ್ರಿಯಾಪದಗಳನ್ನು ಗಮನಿಸಿದರೆ ಅವು ಬಹುಪಾಲು ತಡೆಯತಕ್ಕವು, ನಿಷೇಧಿಸತಕ್ಕವು, ಸಲಹೆ ನೀಡತಕ್ಕವು. ನದಿಯು ಉಕ್ಕಿದಾಗ ಸ್ನಾನವನ್ನೂ ದೋಣಿಯನ್ನೂ ನಿಷೇಧಿಸುವುದಕ್ಕೆ ಅವು ಯೋಗ್ಯವಾಗಿವೆ. ಉತ್ಸವವನ್ನು ನಡೆಸುತ್ತ ಅದನ್ನು ಸುರಕ್ಷಿತವಾಗಿ ನಡೆಸುವ ಕೆಲಸಕ್ಕೆ ಬೇಕಾದ ಕ್ರಿಯಾಪದಗಳು ಬೇರೆ: ರೇವನ್ನು ಗೊತ್ತುಮಾಡು, ದೋಣಿಯನ್ನು ಪರೀಕ್ಷಿಸು, ತಲೆಗಳನ್ನು ಎಣಿಸು, ಸಾಕೆಂದು ಹೇಳು, ಮುಳುಗಿದರೆ ಹೊಣೆ ಹೊರು. ಇವು ಒಂದೊಂದೂ ಒಂದೊಂದು ಕಡೆ ಚದುರಿ ಬಿದ್ದಿವೆ. ಎಲ್ಲವನ್ನೂ ಒಂದು ಕರ್ತೃಪದಕ್ಕೆ ಕೂಡಿಸಿದ ವಾಕ್ಯವು ಇವುಗಳಲ್ಲಿ ಕಾಣಬರುವುದಿಲ್ಲ.

6

ಈ ದೋಷವು ಕೇವಲ ವ್ಯಾಕರಣದ ದೋಷವಲ್ಲ. ಕಾರವಾರದ ಬಳಿ ಕಡಲಿನಲ್ಲಿರುವ ಕೂರ್ಮಗಡ ದ್ವೀಪದಲ್ಲಿ ಪುಷ್ಯಮಾಸದ ಹುಣ್ಣಿಮೆಯಂದು ನರಸಿಂಹದೇವರ ಜಾತ್ರೆಯು ನಡೆಯುತ್ತದೆ. ದ್ವೀಪವಾದುದರಿಂದ ಯಾತ್ರಿಕರಿಗೆ ದೋಣಿಯಲ್ಲದೆ ಬೇರೆ ಗತಿಯಿಲ್ಲ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದು ಆಗ ವರದಿಯಾಯಿತು. ಆ ದಿನ ದಂಡಸಂಹಿತೆಯ 282ನೆಯ ಕಲಮು ಜಾರಿಯಲ್ಲಿತ್ತು. 2017ರ ಮಾರ್ಗಸೂಚಿ ಹೊರಬಂದು ವರ್ಷದ ಮೇಲಾಗಿತ್ತು. ನಿಷೇಧಿಸುವ, ನಿಯಂತ್ರಿಸುವ ಅಧಿಕಾರಗಳೂ ಇದ್ದುವು. ಜಾತ್ರೆಯ ತಿಥಿಯು ಪಂಚಾಂಗದಲ್ಲಿ ಮೊದಲೇ ಗೊತ್ತಿರುವಂಥದು. ಎಷ್ಟೋ ಜನರು ಒಂದೇ ಸಂಜೆ ಮರಳುವರೆಂಬುದೂ ಪ್ರತಿವರ್ಷ ಕಂಡದ್ದೇ. ಆಕಸ್ಮಿಕವೆಂಬ ಮಾತಿಗೆ ಇಂಥಲ್ಲಿ ಅವಕಾಶ ಬಲು ಕಡಿಮೆ.

ನೆರೆನಾಡಾದ ಕೇರಳದಲ್ಲಿ ಇಂಥದೇ ದುರಂತವು ಒಬ್ಬ ಮಹಾಕವಿಯನ್ನು ಕೊಂಡೊಯ್ದುದನ್ನು ಸಾಹಿತ್ಯವನ್ನು ಬೋಧಿಸುವವರು ಮರೆಯಲಾರರು. 1924ರ ಜನವರಿ 16ರಂದು ಪಲ್ಲನದಲ್ಲಿ ರಿಡೀಮರ್ ಎಂಬ ದೋಣಿಯು ಮಗುಚಿದಾಗ ಮೃತರಾದವರಲ್ಲಿ ಮಲಯಾಳದ ಕುಮಾರನ್ ಆಶಾನ್ ಒಬ್ಬರು. ತಿರುವನಂತಪುರದ ಮುರಜಪದ ಉತ್ಸವವನ್ನು ಮುಗಿಸಿ ಮರಳುವ ಜನರಿಂದ ಆ ದೋಣಿಯು ಕಿಕ್ಕಿರಿದಿತ್ತು. ಪಲ್ಲನಕ್ಕೂ ಕೂರ್ಮಗಡಕ್ಕೂ ನಡುವೆ ತೊಂಬತ್ತೈದು ವರ್ಷಗಳ ಅಂತರವಿದೆ. ಉತ್ಸವದಿಂದ ಮರಳುವಿಕೆ, ಮಿತಿಮೀರಿದ ಜನ, ತಡೆಯುವವರಿಲ್ಲದ ರೇವು ಎಂಬ ಕಥಾಂಗಗಳು ಮಾತ್ರ ಬದಲಾಗಲಿಲ್ಲ. ಹೋಗುವಾಗ ಜನರು ಹಲವು ಹೊತ್ತಿನಲ್ಲಿ ಹೋಗುತ್ತಾರೆ, ಬರುವಾಗ ಒಂದೇ ಹೊತ್ತಿನಲ್ಲಿ ಬರುತ್ತಾರೆ. ಆದುದರಿಂದ ಮರಳುವ ರೇವಿನಲ್ಲಿಯೇ ಕಾವಲು ಹೆಚ್ಚಾಗಿರಬೇಕು. 2023ರ ಮೇ 7ರಂದು ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ಸತ್ತುದನ್ನು ನೋಡಿದರೆ ಕೇರಳವೂ ಈ ಪಾಠವನ್ನು ಪೂರ್ತಿಯಾಗಿ ಕಲಿಯಿತೆಂದು ಹೇಳುವಂತಿಲ್ಲ.

ಆದರೂ ಅದೇ ನಾಡಿನಲ್ಲಿ ಅನುಕರಣೀಯವಾದ ಒಂದು ಏರ್ಪಾಡು ಇದೆ. ಆಲಪ್ಪುಳದ ಪುನ್ನಮಡ ಸರೋವರದಲ್ಲಿ 1952ರಿಂದ ನಡೆದುಬಂದಿರುವ ನೆಹರೂ ಟ್ರೋಫಿ ದೋಣಿಪಂದ್ಯವನ್ನು ನಡೆಸುವ ಸಂಘಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಉತ್ಸವವನ್ನು ನಡೆಸುವ ಕೈಯೂ ನಿಲ್ಲಿಸುವ ಅಧಿಕಾರವಿರುವ ಕೈಯೂ ಒಂದೇ ಆದಾಗ, ಅನುಮತಿ ಕೊಟ್ಟವರು ಅವರು, ನಡೆಸಿದವರು ಇವರು ಎಂದು ಹೇಳಿ ಜಾರಿಕೊಳ್ಳುವ ದಾರಿಯು ಮುಚ್ಚುತ್ತದೆ. ನಾವಧ್ಯಕ್ಷನ ತತ್ತ್ವಕ್ಕೆ ಇದು ಸಮೀಪವಾದದ್ದು. ಇದಕ್ಕೂ ಒಂದು ಆಕ್ಷೇಪವುಂಟು: ನಡೆಸುವವನೇ ಪರೀಕ್ಷಕನಾದರೆ ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳನೇ? ಆಕ್ಷೇಪವು ನ್ಯಾಯವಾದದ್ದು. ಆದುದರಿಂದಲೇ ಅಧಿಕಾರದ ಜೊತೆಗೆ ನಷ್ಟವನ್ನು ತೆರುವ ವಿಧಿಯೂ ಅದೇ ವಾಕ್ಯದಲ್ಲಿ ಇರಬೇಕಾದದ್ದು. ತನ್ನ ಕೈಯಿಂದಲೇ ತೆರಬೇಕಾದವನು ದೋಣಿಯ ತೂತನ್ನು ಇತರರಿಗಿಂತ ಮೊದಲು ನೋಡುವನು.

7

ಮೇಲುಕೋಟೆಯ ಕಲ್ಯಾಣಿಗೆ ಹಿಂದಿರುಗಿ ನೋಡಿದರೆ ಈ ವಿಚಾರದ ಮತ್ತೊಂದು ಮುಖವು ಕಾಣುತ್ತದೆ. ಅಲ್ಲಿ ತೆಪ್ಪದ ಮೇಲೆ ಇರುವುದು ಉತ್ಸವಮೂರ್ತಿ, ಜೊತೆಗೆ ಕೆಲವರು ಪರಿಚಾರಕರು. ಜನಸಮುದಾಯವೆಲ್ಲ ಸುತ್ತಣ ಕಲ್ಲಿನ ಸೋಪಾನಗಳ ಮೇಲೆ, ಮಂಟಪಗಳ ಅಂಚಿನಲ್ಲಿ. ಆದುದರಿಂದ ತೆಪ್ಪವನ್ನು ಮಾತ್ರ ಪರೀಕ್ಷಿಸುವ ಕಾನೂನು ಅಲ್ಲಿ ಅರ್ಧ ಕೆಲಸವನ್ನೇ ಮಾಡಿದಂತಾಗುತ್ತದೆ. ದಡವನ್ನು ಮಾತ್ರ ನೋಡುವ ಕಾನೂನೂ ಹಾಗೆಯೇ. ನೀರು, ದಡ, ದೋಣಿ, ಜನ ಇವು ನಾಲ್ಕೂ ಸೇರಿ ಜಲೋತ್ಸವವೆಂಬ ಒಂದು ಪದಾರ್ಥ. ಅದಕ್ಕೆ ಈಗಿನ ಕಾಯಿದೆಗಳ ಭಾಷೆಯಲ್ಲಿ ಸಲ್ಲುವ ಒಂದು ಹೆಸರು ಬೇಕಾಗಿದೆ. ಹೆಸರಿಲ್ಲದ ಪದಾರ್ಥಕ್ಕೆ ಅಧ್ಯಕ್ಷನನ್ನು ನೇಮಿಸುವುದು ಸಾಧ್ಯವಿಲ್ಲ.

ಈ ವಿಮರ್ಶೆಯಿಂದ ಫಲಿಸುವ ಮಾತು ಚಿಕ್ಕದು. ಜಲೋತ್ಸವಗಳನ್ನು ಕುರಿತು ಮುಂದೆ ಯಾವ ವಿಧಿಯು ರಚಿತವಾದರೂ, ಅದರ ಗುಣವನ್ನು ಅದರ ಕಲಮುಗಳ ಸಂಖ್ಯೆಯಿಂದಲ್ಲ, ಅದರ ಕರ್ತೃಪದದಿಂದ ಅಳೆಯತಕ್ಕದ್ದು. ಮೊದಲ ದೋಣಿಯು ದಡವನ್ನು ಬಿಡುವುದಕ್ಕೆ ಮೊದಲು ರೇವಿನಲ್ಲಿ ನಿಂತಿರತಕ್ಕವನು ಯಾರೆಂದು ಅದು ಹೇಳಬೇಕು. ಬಾಡಿಗೆಯೋ ಸೇವೆಯೋ ಎಂದು ಕೇಳದೆ ಎಣಿಸುವ ಅಧಿಕಾರವನ್ನು ಅವನಿಗೆ ಕೊಡಬೇಕು. ಹರಿಗೋಲನ್ನೂ ಯಂತ್ರದೋಣಿಯನ್ನೂ ಆ ದಿನದ ಮಟ್ಟಿಗೆ ಅವನ ಕಣ್ಣಿನ ಕೆಳಗೆ ತರಬೇಕು. ಅವನು ನೋಡಬೇಕಾಗಿದ್ದು ನೋಡದೆ ಹೋದರೆ, ಅರ್ಥಶಾಸ್ತ್ರವು ಬಾಯಿಬಿಟ್ಟು ಹೇಳದ ಜೀವಹಾನಿಯೂ ಸೇರಿದಂತೆ, ಹೊಣೆಯನ್ನು ಅವನ ಹೆಸರಿನಲ್ಲಿ ಬರೆಯಬೇಕು. ಚೌಡಯ್ಯನು ತನ್ನ ವಚನಗಳಿಗೆ ಇಟ್ಟ ಅಂಕಿತದಂತೆ, ಉತ್ಸವದ ಅನುಮತಿಪತ್ರದ ಕೆಳಗೂ ಒಬ್ಬನ ಹೆಸರು ಸ್ಪಷ್ಟವಾಗಿ ಇರತಕ್ಕದ್ದು.

ಗೆಜ್ಜಲಗೆರೆಯಂಥ ಊರುಗಳಿಂದ ಮೇಲುಕೋಟೆಗೋ ಸಂಗಮಕ್ಕೋ ಹಬ್ಬದ ದಿನ ಹೊರಡುವ ಕುಟುಂಬದವರು ಕಾಯಿದೆಗಳನ್ನು ಓದಿ ಹೊರಡುವುದಿಲ್ಲ. ನೀರಿನ ದಡದಲ್ಲಿ ಯಾರೋ ನೋಡಿಕೊಳ್ಳುತ್ತಿರುವರೆಂಬ ನಂಬಿಕೆಯಿಂದ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ. ಆ ಯಾರೋ ಎಂಬ ಸರ್ವನಾಮದ ಸ್ಥಾನದಲ್ಲಿ ಒಂದು ನಾಮಪದವನ್ನು ಇಡುವುದೇ ಶಾಸನಕರ್ತರ ಮುಂದಿರುವ ಕೆಲಸ.